ಕಾಫಿ ಕಣದಲ್ಲಿ ಗಾಲ್ಫ್ ಕಲಿತ ವರ್ಷ

ಹೋದ ತಿಂಗಳು ನಾದಿನಿಯ ಮೊಮ್ಮಗಳ ನಿಶ್ಚಿತಾರ್ಥಕ್ಕೆಂದು ಮೂಡಿಗೆರೆ ಕಡೆಯ ಆ ಹಳೆಯ ಕ್ಲಬ್ಬಿಗೆ ಹೋಗಿದ್ದೆ. ಕೈ ತೊಳೆಯಲು ಹಿಂಬದಿಗೆ ಹೋದಾಗ ಒಂದು ಕೋಣೆಯ ಬಾಗಿಲಲ್ಲಿ ಕೂತು ನೌಕರನೊಬ್ಬ ಹಳೆಯ ಮರದ ಗಾಲ್ಫ್ ಕೋಲುಗಳಿಗೆ ಅಗಸೆ ಎಣ್ಣೆ ತಿಕ್ಕುತ್ತಿದ್ದ. ಗೋಡೆಗೆ ಅಲಂಕಾರಕ್ಕೆ ತೂಗುಹಾಕುತ್ತಾರಂತೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಎರಡೂ ಕೈ ಕೋಲು ಹಿಡಿದಂತೆ ತಾವಾಗಿಯೇ ಒಂದರ ಕೆಳಗೊಂದು ಕೂಡಿಕೊಂಡವು. ಕರೆಯಲು ಬಂದ ಸೊಸೆ, "ಏನಾಯ್ತು ಅತ್ತೆ?" ಅಂದಳು. ಏನಿಲ್ಲ ಅಂದೆ. ಆದರೆ ಊಟದ ಎಲೆಯ ಮುಂದೆ ಕೂತರೂ ಮನಸ್ಸು ಅಲ್ಲಿ ನಿಲ್ಲಲಿಲ್ಲ. ಈಗ ಬರೆದಿಟ್ಟರಾದರೂ ನಿಂತೀತೇನೋ ಎಂದು ಕೂತಿದ್ದೇನೆ.

ಅದು ಯುದ್ಧದ ಕಾಲ. ಪೆಟ್ರೋಲಿಗೆ ಕೂಪನ್ನು, ಸೀಮೆಎಣ್ಣೆಗೆ ಸಾಲು, ಬಸ್ಸುಗಳೆಲ್ಲ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಘಾಟಿ ಹತ್ತುತ್ತಿದ್ದವು. ನನಗೆ ಇಪ್ಪತ್ತೆರಡು. ನನ್ನ ಯಜಮಾನರಿಗೆ ಇಪ್ಪತ್ತೊಂಬತ್ತು. ಊರಿಗೆಲ್ಲ ಅವರು ಶೇಷೇಗೌಡರು; ನನಗೆ ಇಂದಿಗೂ ಆ ಹೆಸರು ಬರೆಯಲು ಕೈ ಹಿಂಜರಿಯುತ್ತದೆ, ಹಾಗಾಗಿ 'ಇವರು' ಎಂದೇ ಬರೆಯುತ್ತೇನೆ. ಬಾಳೂರಿನ ಮೇಲ್ಭಾಗದಲ್ಲಿ ನಮ್ಮ ತೋಟ. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ. ನಾಲ್ಕನೆಯವಳೊಬ್ಬಳಿದ್ದಳು. ಹಿಂದಿನ ಆಷಾಢದಲ್ಲಿ, ಐದು ತಿಂಗಳ ಮಗು, ಚಳಿಜ್ವರ ಬಂದು ಮೂರೇ ದಿನದಲ್ಲಿ ಹೋಗಿಬಿಟ್ಟಿತು. ಹೊಳೆ ತುಂಬಿ ಹರಿಯುತ್ತಿತ್ತು, ಡಾಕ್ಟರ ಬಳಿಗೆ ಹೋಗುವ ದಾರಿಯೇ ಇರಲಿಲ್ಲ.

ಆಮೇಲೆ ಇವರಿಗೆ ಕೂತಲ್ಲಿ ಕೂರಲಾಗದ ರೋಗ ಹಿಡಿಯಿತು. ಊಟದ ನಡುವೆ ಎದ್ದು ಹೋಗುವರು. ಕಾಫಿ ಲೋಟ ಹಿಡಿದು ತೋಟದ ಕೊನೆಯ ಬೇಲಿಯವರೆಗೆ ನಡೆದು, ಲೋಟವನ್ನು ಬೇಲಿಯ ಕಲ್ಲಿನ ಮೇಲೇ ಬಿಟ್ಟು ಬರುವರು. ಮೇಸ್ತ್ರಿಗೆ ಒಂದು ಕೆಲಸ ಹೇಳಿ, ಅದು ಶುರುವಾಗುವ ಮೊದಲೇ ಇನ್ನೊಂದು ಹೇಳುವರು. ನಾನೂ ಅಷ್ಟೇ, ಆರಿಸಿದ ಮೆಣಸನ್ನೇ ಮತ್ತೆ ಆರಿಸುತ್ತಿದ್ದೆ, ಹೊಲಿದ ರವಿಕೆ ಬಿಚ್ಚಿ ಮತ್ತೆ ಹೊಲಿಯುತ್ತಿದ್ದೆ. ಮಗುವಿನ ಮಾತನ್ನು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ.

ಮಗು ಹೋದ ಮರುವರ್ಷ ಶ್ರಾವಣದಲ್ಲಿ ಪಕ್ಕದ ತೋಟದ ಮುದಿ ಇಂಗ್ಲಿಷ್ ದೊರೆ ತೋಟ ಮಾರಿ ತನ್ನ ದೇಶಕ್ಕೆ ಹೊರಟ. ಹೊರಡುವಾಗ ಒಂದು ಚರ್ಮದ ಚೀಲ ಇವರ ಕೈಗಿತ್ತ. ಅದರಲ್ಲಿ ಏಳು ಗಾಲ್ಫ್ ಕೋಲು, ಒಂಬತ್ತು ಚೆಂಡು. ಅದೇ ವಾರ ಕ್ಲಬ್ಬಿನ ಸೆಕ್ರೆಟರಿ ದೊರೆ ದಾರಿಯಲ್ಲಿ ಸಿಕ್ಕು ಮಾತಾಡಿಸಿದನಂತೆ. ಹರೆಯದ ದೊರೆಗಳೆಲ್ಲ ಯುದ್ಧಕ್ಕೆ ಹೋಗಿ ಕ್ಲಬ್ಬಿನಲ್ಲಿ ಆಡಲು ಜನವೇ ಇಲ್ಲ. ಮಾಘ ಮಾಸದ ಹೊತ್ತಿಗೆ ಜೋಡಿ ಆಟದ ಪಂದ್ಯವಿದೆ. ನನ್ನ ಜೋಡಿಯಾಗಿ ಬಾ, ಚೆನ್ನಾಗಿ ಆಡಿದರೆ ನಿನ್ನ ಹೆಸರನ್ನು ಸದಸ್ಯನಾಗಿ ಸೂಚಿಸುತ್ತೇನೆ ಅಂದನಂತೆ. ಆ ದೊರೆ ಕನ್ನಡ ಕಲಿತದ್ದು ಆಳುಗಳಿಗೆ ಅಪ್ಪಣೆ ಕೊಡುತ್ತ. ಹಾಗಾಗಿ ಎಂಥವರನ್ನೂ ಏಕವಚನದಲ್ಲೇ ಕರೆಯುತ್ತಿದ್ದ, ಅದರಲ್ಲಿ ಕೆಡುಕಿರಲಿಲ್ಲ.

ಇವರಿಗೆ ಆ ಮಾತು ಎಲ್ಲಿ ತಾಗಿತೋ ನನಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ ಬೆಳೆಗಾರರ ಮೀಟಿಂಗಿಗೆಂದು ಅದೇ ಕ್ಲಬ್ಬಿಗೆ ಹೋಗಿದ್ದಾಗ ದೊರೆಗಳೆಲ್ಲ ಒಳಗೆ ಹೋದರು. ಇವರಿಗೂ ಇನ್ನಿಬ್ಬರು ಗೌಡರಿಗೂ ಜಗಲಿಯ ಬೆಂಚಿಗೇ ಚಹಾ ಬಂದಿತ್ತು. ಮನೆಗೆ ಬಂದು ಇವರು ಟೋಪಿಯನ್ನು ಗೂಟಕ್ಕೆ ಹಾಕದೆ ನೆಲಕ್ಕೆ ಒಗೆದಿದ್ದರು.

ಹೀಗೆ ಶುರುವಾಯಿತು. ಮಳೆ ಬಿಟ್ಟು ಹೊಳವಾದ ದಿನ ಇವರು ಕಾಫಿ ಒಣಗಿಸುವ ಕಣದ ಅಂಚಿನಲ್ಲಿ ನಿಂತು, ಎದುರಿನ ಹುಲ್ಲಿನ ಇಳಿಜಾರಿನತ್ತ ಚೆಂಡು ಹೊಡೆಯುವರು. ಒಂಬತ್ತು ಹೊಡೆದು, ಇಳಿದು ಹೋಗಿ ಹೆಕ್ಕಿ ತಂದು ಮತ್ತೆ ಒಂಬತ್ತು. ದಿನಕ್ಕೆ ನೂರು, ನೂರೈವತ್ತು. ಇದ್ದಬದ್ದ ಬಲವೆಲ್ಲ ಹಾಕಿ ಬೀಸುವರು. ಹತ್ತರಲ್ಲಿ ಒಂದು ನೆಟ್ಟಗೆ ಹೋದರೆ ಉಳಿದವು ಬಲಕ್ಕೆ ಬಾಗಿ ಕಾಫಿ ಗಿಡಗಳ ಒಳಗೆ. ಯುದ್ಧದ ದೆಸೆಯಿಂದ ರಬ್ಬರು ಸಿಗದೆ ಹೊಸ ಚೆಂಡು ಎಲ್ಲೂ ಇರಲಿಲ್ಲ. ಒಂಬತ್ತು ಎಂಟಾಯಿತು, ಎಂಟು ಆರಾಯಿತು. ಒಂದು ಚೆಂಡು ಕಳೆದರೆ ಇವರು ಕತ್ತಲಾಗುವ ತನಕ ಗಿಡದ ಬುಡದಲ್ಲಿ ಮೊಣಕಾಲೂರಿ ತಡಕುತ್ತಿದ್ದರು, ಜಿಗಣೆ ಹತ್ತಿದ್ದೂ ತಿಳಿಯದೆ. ಅಂಗೈಯ ಬೊಬ್ಬೆ ಒಡೆದು ಅನ್ನ ಕಲಸುವುದೂ ಕಷ್ಟವಾಯಿತು.

"ಇವ್ನು ಹುಲ್ಲು ಸವರ್ತಾ ಇದಾನಾ, ಗಾಳಿ ಸವರ್ತಾ ಇದಾನಾ?" ಎಂದು ಅತ್ತೆ ನನ್ನನ್ನು ಕೇಳುವರು. ನೂರು ಹೊಡೆದ ದಿನ ಮೊದಲನೆಯದಕ್ಕಿಂತ ನೂರನೆಯದೇ ಕೆಟ್ಟದಾಗಿರುತ್ತಿತ್ತು. ಅದು ನನಗೂ ಕಾಣುತ್ತಿತ್ತು.

ನವರಾತ್ರಿಯ ಹಿಂದುಮುಂದು ದೊಡ್ಡ ಕೋಲು ಮುರಿಯಿತು. ಆ ಹೊತ್ತಿಗೆ ಮೂಡಿಗೆರೆಯಿಂದ ಹುಸೇನ್ ಸಾಬರು ಬಂದಿದ್ದರು. ಪ್ರತಿ ವರ್ಷ ಕೊಯ್ಲಿಗೆ ಮೊದಲು ಬಂದು ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರವನ್ನು ರಿಪೇರಿ ಮಾಡಿಕೊಟ್ಟು ಹೋಗುವವರು ಅವರು. ಅರವತ್ತು ದಾಟಿದ್ದ, ಮಾತು ಕಡಿಮೆಯ ಮನುಷ್ಯ. ಕಬ್ಬಿಣ, ಮರ ಎರಡೂ ಅವರ ಕೈಗೆ ಒಗ್ಗುತ್ತಿದ್ದವು. ಕ್ಲಬ್ಬಿನ ದೊರೆಗಳ ಕೋಲು ಮುರಿದರೂ ಅವರೇ ಕಟ್ಟಿಕೊಡುತ್ತಿದ್ದರು.

ಅವರು ಮುರಿದ ಕೋಲನ್ನು ತಿರುಗಿಸಿ, ಚೆಂಡಿಗೆ ತಾಗುವ ಮರದ ಮುಖವನ್ನು ಬೆಳಕಿಗೆ ಹಿಡಿದರು. ಅಲ್ಲೆಲ್ಲ ಸಣ್ಣ ಸಣ್ಣ ಗುರುತು. ಅಂಚಿನಲ್ಲಿ, ಬುಡದಲ್ಲಿ, ಮೇಲೆ, ಕೆಳಗೆ.

"ಗೌಡ್ರೆ, ಇದನ್ನ ಒಬ್ರು ಹೊಡ್ದಿದ್ದಾ, ಹತ್ತು ಜನ ಹೊಡ್ದಿದ್ದಾ?" ಅಂದರು.

ಇವರ ಮುಖ ಕೆಂಪಾಯಿತು. "ನಾನೇ ಹೊಡ್ದಿದ್ದು. ದಿನಾ ನೂರು ಹೊಡೀತೀನಿ."

"ಅದೇ ಹೇಳಿದ್ದು. ನೂರೂ ನೂರು ಥರ ಹೊಡ್ದಿದೀರಿ. ಚೆನ್ನಾಗಿ ಆಡೋ ದೊರೆ ಕೋಲಲ್ಲಿ ನಡುವೆ ಒಂದೇ ಗುರುತು ಇರ್ತದೆ, ಒಂದಾಣೆ ಅಗಲಕ್ಕೆ." ಸಾಬರು ಕೋಲನ್ನು ಕೆಳಗಿಟ್ಟರು. "ಹತ್ತು ಹೊಡೀರಿ ಸಾಕು. ಪ್ರತಿ ಸಲ ಕೋಲಿನ ಮುಖಕ್ಕೆ ತೆಳ್ಳಗೆ ಸುಣ್ಣ ಹಚ್ಚಿ. ಹೊಡೆದ ಮೇಲೆ ಚೆಂಡು ಎಲ್ಲಿ ಹೋಯ್ತು ಅಂತಲ್ಲ, ಸುಣ್ಣ ಎಲ್ಲಿ ಅಳಿಸ್ತು ಅಂತ ನೋಡಿ. ಒಂದು ವಾರಕ್ಕೆ ಒಂದೇ ತಪ್ಪು ತಿದ್ದಿ. ಎಲ್ಲಾ ಒಟ್ಟಿಗೆ ತಿದ್ದೋಕೆ ಹೋದ್ರೆ ಒಂದೂ ಆಗಲ್ಲ. ಮತ್ತೆ, ಬೇರೆಯವ್ರು ಯಾರಾದ್ರೂ ನಿಂತು ನೋಡ್ಬೇಕು. ಹೊಡೆಯೋನಿಗೆ ತನ್ನ ಮೈ ಕಾಣಲ್ಲ."

"ಯಾರು ನೋಡ್ತಾರೆ ಇಲ್ಲಿ? ಎಲ್ಲಾ ಕಳೆ ತೆಗೆಯೋಕೆ ಹೋಗಿದಾರೆ."

ಸಾಬರು ಕಣದ ಆ ತುದಿಯಲ್ಲಿ ಮೆಣಸು ಹರಡುತ್ತಿದ್ದ ನನ್ನತ್ತ ನೋಡಿದರು. "ಅಮ್ಮ ದಿನಾ ಇಲ್ಲೇ ಇರ್ತಾರಲ್ಲ."

ಅವರು ದಡಸಲು ಮರದ ಹೊಸ ಹಿಡಿ ಕೆತ್ತಿ, ಮೂರು ದಿನ ಅಗಸೆ ಎಣ್ಣೆ ಕುಡಿಸಿ, ಕೋಲು ಕಟ್ಟಿಕೊಟ್ಟು ಹೋದರು. ಇವರು ಒಂದು ವಾರ ನನ್ನನ್ನು ಕರೆಯಲಿಲ್ಲ. ತಾವೇ ಸುಣ್ಣ ಹಚ್ಚಿ, ತಾವೇ ನೋಡಿ, ತಾವೇ ಬೈದುಕೊಂಡರು. ಎಂಟನೆಯ ದಿನ ಕಣದಿಂದಲೇ ಕೂಗಿದರು. "ಸಾವಿತ್ರಿ, ಬಾ ಇಲ್ಲಿ. ಸುಮ್ನೆ ನಿಂತು ನೋಡು. ಮಾತಾಡ್ಬೇಡ."

ನಾಲ್ಕು ದಿನ ಮಾತಾಡದೆ ನೋಡಿದೆ. ದಿನಕ್ಕೆ ಹತ್ತು. ಒಂದೊಂದಕ್ಕೂ ಇಳಿಜಾರಿನ ಆಚೆಯ ಸಿಲ್ವರ್ ಓಕ್ ಮರವೇ ಗುರಿ. ಐದನೆಯ ದಿನ ತಡೆಯಲಾಗಲಿಲ್ಲ.

"ನೀವು ಹೊಡೆಯೋಕೆ ಮೊದ್ಲೇ ತಲೆ ಎತ್ತುತ್ತೀರಿ," ಅಂದೆ.

"ಇಲ್ಲ."

"ಎತ್ತುತ್ತೀರಿ. ಚೆಂಡು ಇನ್ನೂ ಇಲ್ಲೇ ಇರ್ತದೆ, ನಿಮ್ಮ ಕಣ್ಣು ಆಗಲೇ ಮರದ ಹತ್ರ ಹೋಗಿರ್ತದೆ. ಅದ್ಕೇ ಕೋಲು ಅಂಚಿಗೆ ತಾಗೋದು."

ಇವರು ಕೋಲನ್ನು ಹುಲ್ಲಿಗೆ ಎಸೆದು ತೋಟಕ್ಕೆ ಹೋದರು. ಎರಡು ದಿನ ನನ್ನೊಡನೆ ಮಾತಿಲ್ಲ. ಎಸೆದ ಕೋಲನ್ನು ತಂದು ಒರೆಸಿ ಇಟ್ಟವಳು ನಾನೇ. ಮೂರನೆಯ ದಿನ ಬೆಳಿಗ್ಗೆ ಅವರು ಕಣದಲ್ಲಿ ನಿಂತು, ನನ್ನ ಕಡೆ ನೋಡದೆ, "ಈಗ ನೋಡು, ಎತ್ತಿದ್ನಾ?" ಅಂದರು. ಎತ್ತಿದ್ದರು. ಆದರೆ ಮೊದಲಿನಷ್ಟಲ್ಲ.

ತಲೆಗೆ ಎರಡು ವಾರ ಹೋಯಿತು. ಹೊಡೆದ ಮೇಲೂ ಚೆಂಡಿದ್ದ ಜಾಗದ ಹುಲ್ಲನ್ನೇ ನೋಡುತ್ತ ನಿಲ್ಲಬೇಕು ಎಂದು ನಾನು ಹಟ ಹಿಡಿದೆ; ಚೆಂಡು ಎಲ್ಲಿ ಬಿತ್ತೆಂದು ನಾನು ಹೇಳುವೆ. ಸುಣ್ಣದ ಮೇಲಿನ ಗುರುತು ಅಂಚಿನಿಂದ ಬೆರಳಗಲ ಒಳಗೆ ಬಂತು. ಆಮೇಲೆ ಉಳಿದದ್ದು ಆತುರ. ಕೋಲು ಮೇಲೆ ಹೋಗಿ ಮುಟ್ಟುವ ಮೊದಲೇ ಇವರು ಅದನ್ನು ಕೆಳಕ್ಕೆಳೆಯುತ್ತಿದ್ದರು. ನಿಧಾನ ಮಾಡಿ ಅಂದರೆ ಕೈ ಮಾತ್ರ ನಿಧಾನ, ಕೊನೆಯಲ್ಲಿ ಮತ್ತೆ ಅದೇ ಧಾವಂತ.

ಒಂದು ಸಂಜೆ ನನಗೆ ರೇಗಿಹೋಯಿತು. "ಒನಕೆ ಹಿಡಿದು ಗೊತ್ತಾ ನಿಮಗೆ? ತವರಲ್ಲಿ ನಾನು ವಾರಕ್ಕೆ ಎರಡು ದಿನ ಭತ್ತ ಕುಟ್ತಿದ್ದೆ. ಒನಕೆನ ಎತ್ತಿದ ಮೇಲೆ ಒಂದು ಗಳಿಗೆ ಅದು ಮೇಲೆ ನಿಲ್ತದೆ. ಆಮೇಲೆ ಅದೇ ಬೀಳ್ತದೆ. ನಾವು ತಳ್ಳೋದಲ್ಲ. ತಳ್ಳಿದೋಳಿಗೆ ಹತ್ತು ಏಟಿಗೇ ರಟ್ಟೆ ಬಿದ್ದುಹೋಗ್ತದೆ."

"ಹಾಗಾದ್ರೆ ನೀನೇ ತೋರ್ಸು," ಅಂದರು. ಹಂಗಿಸುವ ದನಿ.

ಸೆರಗು ಸಿಕ್ಕಿಸಿ ಕೋಲು ತಗೊಂಡೆ. ಹಿಡಿ ಅವರ ಕೈಯ ಬಿಸಿಗೆ ಬೆಚ್ಚಗಿತ್ತು. ಎತ್ತಿದೆ, ನಿಂತೆ, ಬಿಟ್ಟೆ. ತಾಗಿದ್ದು ಗೊತ್ತೇ ಆಗಲಿಲ್ಲ. ಕೈಗೆ ಏನೂ ಅನ್ನಿಸಲಿಲ್ಲ. ಟಕ್ ಎಂಬ ಸದ್ದು ಮಾತ್ರ. ತಲೆ ಎತ್ತಿದಾಗ ಚೆಂಡು ಸಿಲ್ವರ್ ಓಕಿನ ಬುಡದ ಹತ್ತಿರ ಪುಟಿಯುತ್ತಿತ್ತು.

ಇವರು ಚೆಂಡಿನತ್ತಲೇ ನೋಡುತ್ತಿದ್ದರು. ನನಗೆ ಭಯವಾಯಿತು. ಈಗ ಕೋಲುಗಳನ್ನೆಲ್ಲ ಒಲೆಗೆ ಹಾಕುತ್ತಾರೆ ಅಂದುಕೊಂಡೆ.

"ಮತ್ತೊಂದು ಹೊಡಿ," ಅಂದರು.

ಎರಡನೆಯದು ಗಾಳಿಗೆ ಹೋಯಿತು. ಮೂರನೆಯದಕ್ಕೆ ಮಣ್ಣಿನ ಹೆಂಟೆಯೇ ಎದ್ದು ನನ್ನ ಮುಖಕ್ಕೆ ಹಾರಿತು. ಇವರು ನಗತೊಡಗಿದರು. ಒಂದೂಕಾಲು ವರ್ಷದಲ್ಲಿ ಆ ನಗು ಕೇಳಿರಲಿಲ್ಲ. ನಗುತ್ತ ನಗುತ್ತ ಕಣದ ಕಟ್ಟೆಯ ಮೇಲೆ ಕೂತರು, ಕೂತವರು ಹಾಗೇ ಕೂತೇ ಇದ್ದರು. ನಾನು ಮುಖದ ಮಣ್ಣು ಒರೆಸಿಕೊಂಡು ಪಕ್ಕದಲ್ಲಿ ಕೂತೆ.

"ಗೌರಿ ಇದ್ದಿದ್ರೆ ಈಗ ಈ ಕಣದ ತುಂಬ ಓಡಾಡ್ತಿದ್ಲು," ಅಂದರು.

ಅದು ಹೋದ ಮೇಲೆ ಮಗುವಿನ ಹೆಸರು ಅವರ ಬಾಯಲ್ಲಿ ಬಂದದ್ದು ಅವತ್ತೇ ಮೊದಲು. "ಹೂಂ," ಅಂದೆ. ಇವರು, "ಆ ದಿನ ಹೊಳೆ ದಾಟೋಕೆ ನೋಡ್ಬೇಕಿತ್ತು ನಾನು," ಅಂದರು. "ದಾಟೋಕೆ ಆಗ್ತಿರ್ಲಿಲ್ಲ. ನಾನೇ ದಡದಲ್ಲಿ ನಿಂತು ನೋಡಿದೀನಿ," ಅಂದೆ. ಅವರು ನನ್ನ ಕೈಯಿಂದ ಕೋಲು ತೆಗೆದುಕೊಂಡು ಅದಕ್ಕೆ ಹತ್ತಿದ್ದ ಮಣ್ಣನ್ನು ಉಗುರಿನಿಂದ ಕೆರೆಯತೊಡಗಿದರು. ಅಷ್ಟೇ ಆದದ್ದು. ಆದರೂ ಅವತ್ತಿನಿಂದ ಮನೆಯೊಳಗೆ ಉಸಿರಾಡುವುದು ಸ್ವಲ್ಪ ಸಲೀಸಾಯಿತು.

ಕೊಯ್ಲು ಶುರುವಾದ ಮೇಲೆ ಕಣದ ತುಂಬ ಸಿಪ್ಪೆ ಬಿಡಿಸಿ ಒಣಗಲು ಹರಡಿದ ಪಾರ್ಚ್‌ಮೆಂಟ್ ಕಾಫಿ, ಕಾಲಿಡಲೂ ಜಾಗವಿಲ್ಲ. ಬೆಳಿಗ್ಗೆ ಆಳುಗಳ ಹಾಜರಿಗೆ ಮೊದಲು, ಇಬ್ಬನಿಯಲ್ಲಿ ಇಬ್ಬರೂ ಇಳಿಜಾರಿಗೇ ಹೋಗುತ್ತಿದ್ದೆವು. ಅವರದು ಹತ್ತು, ನನ್ನದು ಐದು. ಅವರು ನನ್ನ ಕಾಲು ನೋಡಿ ಹೇಳುವರು, ನಾನು ಅವರ ತಲೆ ನೋಡಿ ಹೇಳುವೆ. ಹೊತ್ತಿಲ್ಲದ ದಿನ ಗೋದಾಮಿನಲ್ಲಿ ಮೂಟೆಗಳ ನಡುವೆ ಚೆಂಡಿಲ್ಲದೆ ಬರಿ ಬೀಸುವುದು. ಮಾಘ ಬಂದಾಗ ಕೋಲಿನ ಮುಖದಲ್ಲಿ ಸುಣ್ಣ ಅಳಿಸುವ ಜಾಗ ಒಂದಾಣೆ ಅಗಲ ಅಲ್ಲದಿದ್ದರೂ ಒಂದು ರೂಪಾಯಿ ನಾಣ್ಯದಷ್ಟಕ್ಕೆ ಬಂದಿತ್ತು. ಉಳಿದ ಚೆಂಡು ಐದು.

ಪಂದ್ಯದ ದಿನ ಇದ್ದಿಲು ಬಸ್ಸಿನಲ್ಲಿ ಹೋದೆವು. ಚೀಲ ಇವರ ತೊಡೆಯ ಮೇಲಿತ್ತು, ಅದರ ಪಟ್ಟಿಯನ್ನು ಬಿಗಿಯುತ್ತ, ಸಡಿಲಿಸುತ್ತ, ಮತ್ತೆ ಬಿಗಿಯುತ್ತ ಬಂದರು. ನನ್ನನ್ನು ಕ್ಲಬ್ಬಿನ ಜಗಲಿಯಲ್ಲಿ ಕೂರಿಸಿದರು. ಅಲ್ಲಿಂದ ಮೊದಲ ಹೊಡೆತದ ಜಾಗ ಕಾಣುತ್ತಿತ್ತು. ಏಳೆಂಟು ದೊರೆಗಳು, ಮೂವರು ದೊರೆಸಾನಿಯರು. ಇವರ ಸರದಿ ಬಂತು. ಕೋಲು ಎತ್ತುವಾಗಲೇ ನನಗೆ ಗೊತ್ತಾಯಿತು. ತಲೆ ಎದ್ದಿತು. ಚೆಂಡು ಹತ್ತು ಹೆಜ್ಜೆ ಉರುಳಿ ನಿಂತಿತು. ಯಾರೋ ನಕ್ಕರು.

ಇವರು ತಿರುಗಿ ಜಗಲಿಯತ್ತ ನೋಡಿದರು. ನಾನೇನು ಮಾಡಲು ಸಾಧ್ಯವಿತ್ತು? ಕೈಯನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಅವರನ್ನೇ ನೋಡಿದೆ. ಅವರು ಆಮೇಲೆ ಹೇಳಿದರು, ಆ ಗಳಿಗೆಯಲ್ಲಿ ಚೀಲ ಬಿಸಾಡಿ ಬಸ್ಸಿನ ಕಡೆ ನಡೆದುಬಿಡುವ ಮನಸ್ಸಾಗಿತ್ತಂತೆ. ನಡೆಯಲಿಲ್ಲ. ಹತ್ತು ಹೆಜ್ಜೆ ಹೋಗಿ ಚೆಂಡಿನ ಪಕ್ಕ ನಿಂತರು. ಬಹಳ ಹೊತ್ತು ನಿಂತರು. ಆಮೇಲೆ ಹೊಡೆದದ್ದು ಎಷ್ಟು ದೂರ ಹೋಯಿತೆಂದರೆ ನನ್ನ ಪಕ್ಕದ ದೊರೆಸಾನಿ ಹೊಲಿಗೆ ನಿಲ್ಲಿಸಿ ಕಣ್ಣಿಗೆ ಕೈ ಅಡ್ಡ ಹಿಡಿದಳು.

ಅವರ ಜೋಡಿ ಗೆಲ್ಲಲಿಲ್ಲ, ಕೊನೆಯ ತನಕ ಹೋಗಿ ಸೋತಿತು. ಆದರೂ ಸೆಕ್ರೆಟರಿ ದೊರೆಗೆ ಸಂತೋಷವಾಗಿತ್ತು. ಜಗಲಿಯ ಮೆಟ್ಟಿಲಲ್ಲಿ ನಿಂತು, "ಗೌಡ, ನೀನು ಯಾರ ಹತ್ತಿರ ಕಲಿತೆ?" ಎಂದು ಕೇಳಿದ.

"ನನ್ನ ಹೆಂಡ್ತಿ ಹತ್ರ," ಅಂದರು ಇವರು.

ದೊರೆ ನಕ್ಕ. ಇವರು ನಗದೆ ಅದನ್ನೇ ಇಂಗ್ಲಿಷಿನಲ್ಲಿ ಇನ್ನೊಮ್ಮೆ ಹೇಳಿದರು. ಎಲ್ಲರೂ ನನ್ನ ಕಡೆ ತಿರುಗಿದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು, ಹಾಗೆಯೇ ಎದೆಯೊಳಗೆ ಏನೋ ಎದ್ದು ನಿಂತಂತೆಯೂ ಆಯಿತು.

ತಿಂಗಳೊಪ್ಪತ್ತಿನಲ್ಲಿ ಕ್ಲಬ್ಬಿನಿಂದ ಕಾಗದ ಬಂತು. ಇವರನ್ನು ಸದಸ್ಯರನ್ನಾಗಿ ತೆಗೆದುಕೊಂಡಿದ್ದಾರೆ, ಅರ್ಜಿಗೆ ಸಹಿ ಹಾಕಿ ಕಳಿಸಬೇಕು. ಇವರು ಸಹಿ ಹಾಕಲಿಲ್ಲ. ನನ್ನ ಹೆಂಡತಿಯೂ ಅಲ್ಲಿ ಆಡಬಹುದೇ ಎಂದು ಕೇಳಿ ಬರೆದರು. ಉತ್ತರಕ್ಕೆ ಕಾಯುತ್ತ ದಿನಾ ಟಪಾಲಿನ ಹೊತ್ತಿಗೆ ಗೇಟಿನ ತನಕ ಹೋಗಿಬರುವುದೇ ಕೆಲಸವಾಯಿತು.

ಕಾಫಿ ಹೂ ಅರಳಿಸುವ ಮಳೆ ಬಿದ್ದು ತೋಟವೆಲ್ಲ ಬೆಳ್ಳಗಾಗಿದ್ದ ವಾರ ಸೆಕ್ರೆಟರಿ ದೊರೆಯೇ ಕುದುರೆ ಏರಿ ಬಂದ. ನಾನು ಕಾಫಿ ಹಿಡಿದು ಬಾಗಿಲ ಹಿಂದೆ ನಿಂತಿದ್ದೆ.

"ನಾನು ಕಮಿಟಿಯಲ್ಲಿ ಕೇಳಿದೆ, ಗೌಡ. ಅವರು ಒಪ್ಪಲಿಲ್ಲ," ಅಂದ ದೊರೆ. "ಆದರೆ ಗುರುವಾರ ಬೆಳಿಗ್ಗೆ ಅಲ್ಲಿ ಯಾರೂ ಇರುವುದಿಲ್ಲ. ನೀನು ಹೆಂಡತಿಯನ್ನು ಕರೆದುಕೊಂಡು ಬಾ. ಯಾರೂ ನೋಡುವುದಿಲ್ಲ."

"ಯಾರೂ ನೋಡದ ಹೊತ್ತಿಗೆ ಕಳ್ರು ಬರ್ತಾರೆ ದೊರೆ. ನಾವು ಬರಲ್ಲ," ಅಂದರು ಇವರು, ಮತ್ತು ಸಹಿಯಿಲ್ಲದ ಅರ್ಜಿಯನ್ನು ವಾಪಸು ಕೊಟ್ಟರು. ದೊರೆ ಕಾಫಿ ಕುಡಿದು, ನಮಸ್ಕಾರ ಹೇಳಿ ಹೋದ. ಒಳಗಿನಿಂದ ಅತ್ತೆ, "ಸರಿಯಾಗಿ ಹೇಳ್ದ ಮಗ," ಅಂದರು.

ನನಗೆ ಮಾತ್ರ ಕಾಲು ನಿಲ್ಲಲಿಲ್ಲ. ಅಡಿಗೆಮನೆಯಿಂದ ಹಿತ್ತಿಲಿಗೆ, ಹಿತ್ತಿಲಿಂದ ಕಣಕ್ಕೆ ತಿರುಗಿದೆ. ಪಂದ್ಯದ ದಿನ ಜಗಲಿಯಿಂದ ಕಂಡ ಆ ಉದ್ದನೆಯ ಹಸಿರು ಕಣ್ಣ ಮುಂದೆಯೇ ಇತ್ತು. ಸಂಜೆ ಇವರು ಕೋಲು ಹಿಡಿದು ಬಂದಾಗ ಹೇಳಿಯೇಬಿಟ್ಟೆ.

"ನನ್ನನ್ನ ಒಂದು ಮಾತು ಕೇಳ್ಬಹುದಿತ್ತು."

"ಏನು ಕೇಳೋದು? ನಿನ್ನ ಮಾನಕ್ಕೆ ಅಂತಲೇ ನಾನು ಹೇಳಿದ್ದು."

"ಮಾನ ನಿಮ್ದು. ನನಗೆ ಆ ಹುಲ್ಲಿನ ಮೇಲೆ ಒಂದು ಸಲ ಹೊಡೀಬೇಕಿತ್ತು. ಇಲ್ಲಿ ಜೋರಾಗಿ ಹೊಡೆದ್ರೆ ಚೆಂಡು ತೋಟಕ್ಕೆ ಬೀಳ್ತದೆ ಅಂತ ನಾನು ಯಾವತ್ತೂ ಪೂರ್ತಿ ಹೊಡ್ದೇ ಇಲ್ಲ. ಗುರುವಾರ ಆದ್ರೇನು, ಯಾರೂ ಇಲ್ಲದಿದ್ರೇನು? ನಾನು ಹೋಗ್ತಿದ್ದೆ."

ಅವರು ನನ್ನನ್ನು ಹೊಸಬಳಂತೆ ನೋಡಿದರು. ಅವತ್ತು ಇಬ್ಬರೂ ಒಂದೂ ಚೆಂಡು ಹೊಡೆಯಲಿಲ್ಲ.

ಮರುದಿನ ಬೆಳಿಗ್ಗೆ ಎದ್ದಾಗ ಇವರು ಮನೆಯಲ್ಲಿರಲಿಲ್ಲ. ಸೆಕ್ರೆಟರಿ ದೊರೆಯ ಬಂಗಲೆಗೆ ನಡೆದುಹೋಗಿದ್ದರು, ಆರು ಮೈಲಿ, ಘಾಟಿ ದಾರಿ. ಮಧ್ಯಾಹ್ನದ ಬಿಸಿಲಿಗೆ ಬೆವರಿ ಬಂದವರು ಜಗಲಿಯಲ್ಲಿ ಬೂಟು ಬಿಚ್ಚುತ್ತ, "ಗುರುವಾರ ಏಳು ಗಂಟೆಗೆ ಹೊರಡ್ಬೇಕು," ಅಂದರು.

"ಏನಂತ ಹೇಳಿದ್ರಿ ಅವ್ರಿಗೆ?"

"ನಿನ್ನೆ ಅವಳನ್ನ ಕೇಳ್ದೆ ಮಾತಾಡ್ದೆ, ತಪ್ಪಾಯ್ತು ಅಂದೆ." ಇನ್ನೊಂದು ಬೂಟು ಬಿಚ್ಚಿದರು. "ಅರ್ಜಿಗೆ ಸಹಿ ಹಾಕಿಲ್ಲ. ನಾವಿಬ್ರೂ ಅವ್ರ ಅತಿಥಿಗಳು ಅಷ್ಟೇ."

ಗುರುವಾರ ಅಲ್ಲಿ ನಿಜಕ್ಕೂ ಯಾರೂ ಇರಲಿಲ್ಲ. ಹುಲ್ಲು ಕತ್ತರಿಸುವ ಗಾಡಿಗೆ ಕಟ್ಟಿದ ಎರಡು ಎತ್ತು, ನೆಲ ಕೆಡದಂತೆ ಅವುಗಳ ಕಾಲಿಗೆ ಚರ್ಮದ ಚೀಲ. ಅವುಗಳನ್ನು ಹೊಡೆಯುತ್ತಿದ್ದ ಮುದುಕ ಗಾಡಿ ನಿಲ್ಲಿಸಿ ನಮ್ಮನ್ನು ನೋಡುತ್ತ ಬೀಡಿ ಹಚ್ಚಿದ. ನಾನು ಸೆರಗು ಸಿಕ್ಕಿಸಿ ಕೋಲು ತಗೊಂಡೆ. ಇವರು ಚೆಂಡನ್ನು ತಾವೇ ಬಗ್ಗಿ ಹುಲ್ಲಿನ ಮೇಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತರು.

ಮೊದಲನೆಯದು ಮಣ್ಣಿಗೆ ಬಿತ್ತು. ಎರಡನೆಯದನ್ನು ಪೂರ್ತಿ ಹೊಡೆದೆ. ಅದು ಏರುತ್ತ ಏರುತ್ತ ಹೋಗಿ, ನಾನು ಅಲ್ಲಿಯವರೆಗೆ ಯಾವ ಚೆಂಡೂ ಬಿದ್ದದ್ದನ್ನು ನೋಡಿರದಷ್ಟು ದೂರ ಇಳಿಯಿತು. ಎತ್ತಿನ ಮುದುಕ ಬೀಡಿ ಬಾಯಿಂದ ತೆಗೆದ. ಇವರು ಚೀಲವನ್ನು ಹೆಗಲಿಗೇರಿಸಿಕೊಂಡರು. ನಾವು ಆ ಚೆಂಡಿನ ಕಡೆ ನಡೆಯತೊಡಗಿದೆವು. ದೂರದ ದಾರಿ, ಅವರದು ಉದ್ದನೆಯ ಹೆಜ್ಜೆ. ಆದರೂ ಚೆಂಡು ಸಿಗುವ ತನಕ ಅವರು ನನಗಿಂತ ಮುಂದೆ ಹೋಗಲಿಲ್ಲ.